ಹೆಣ್ಣುಕಪ್ಪೆ ಕೂಗಿನ ಜಾಡು ಹಿಡಿಯುವುದನ್ನು ಗಮನಿಸುವ ವಿಧಾನ

ಮಳೆಯ ರಾತ್ರಿ ಕೊಳದ ದಡದಲ್ಲಿ ನಿಂತವರ ಗಮನವೆಲ್ಲ ಧ್ವನಿಚೀಲ ಉಬ್ಬಿಸಿ ಕೂಗುವ ಗಂಡುಕಪ್ಪೆಗಳ ಮೇಲೆಯೇ ಇರುತ್ತದೆ. ಆದರೆ ಬಹುಪಾಲು ಪ್ರಭೇದಗಳಲ್ಲಿ ಸಂಗಾತಿಯನ್ನು ಆರಿಸುವುದು ಆ ಗದ್ದಲದ ನಡುವೆ ಸದ್ದಿಲ್ಲದೆ ಬರುವ ಹೆಣ್ಣು. ಅದನ್ನು ನೋಡಬಯಸುವವರು ಮೊದಲು ಕಿವಿಯನ್ನು ಪಳಗಿಸಿಕೊಳ್ಳಬೇಕು.

ದಡ ತಲುಪಿದೊಡನೆ ಬೆಳಕು ಹಾಯಿಸಬೇಡಿ. ಹೆಜ್ಜೆಯ ಸದ್ದಿಗೆ ಕಪ್ಪೆಗಳು ಮೌನವಾದರೂ, ಅಲುಗಾಡದೆ ಕುಳಿತರೆ ಕೂಗು ಮತ್ತೆ ಆರಂಭವಾಗುತ್ತದೆ. ಆಗ ಒಂದೇ ಪ್ರಭೇದದ ಕೂಗನ್ನು ಆರಿಸಿಕೊಂಡು ಧ್ವನಿಮುದ್ರಿಸಿ, ಜೊತೆಗೆ ತಾಪಮಾನವನ್ನೂ ತಪ್ಪದೆ ಬರೆದುಕೊಳ್ಳಿ. ಉತ್ತರ ಅಮೆರಿಕದ ಬೂದು ಮರಗಪ್ಪೆಗಳಲ್ಲಿ ನೋಟಕ್ಕೆ ಒಂದೇ ರೀತಿಯಿರುವ ಎರಡು ಪ್ರಭೇದಗಳಿದ್ದು, ಹೆಣ್ಣು ತನ್ನವರನ್ನು ಗುರುತಿಸುವುದು ಕೂಗಿನೊಳಗಿನ ಮಿಡಿತಗಳ ವೇಗದಿಂದ. ಬಿಸುಪು ಹೆಚ್ಚಿದಂತೆ ಆ ವೇಗವೂ ಹೆಚ್ಚುತ್ತದೆ, ಹೆಣ್ಣು ಮೆಚ್ಚುವ ವೇಗವೂ ಅದರೊಡನೆಯೇ ಏರುತ್ತದೆ. ತಾಪಮಾನವಿಲ್ಲದ ಧ್ವನಿಮುದ್ರಣಗಳನ್ನು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವುದು ಇದರಿಂದಲೇ.

ಹೆಣ್ಣಿನ ನಡೆ ಅರ್ಥವಾಗಬೇಕಾದರೆ ಅದರ ಕಿವಿಯನ್ನು ತಿಳಿದಿರಬೇಕು. ಕಣ್ಣಿನ ಹಿಂದೆ ಕಾಣುವ ದುಂಡನೆಯ ಪೊರೆಯೇ ಕಿವಿತಮಟೆ. 1000 ಹರ್ಟ್ಸ್ ಕೂಗಿನ ತರಂಗದ ಉದ್ದ ಸುಮಾರು 34 ಸೆಂಟಿಮೀಟರ್, ಕಪ್ಪೆಯ ತಲೆಯಾದರೋ ಎರಡು ಸೆಂಟಿಮೀಟರಿನ ಆಸುಪಾಸು. ಹೀಗಿರುವಾಗ ಎಡಬಲ ಕಿವಿಗಳನ್ನು ಸದ್ದು ತಲುಪುವುದರಲ್ಲಿನ ವ್ಯತ್ಯಾಸ ತೀರ ಅತ್ಯಲ್ಪ. ಆದರೆ ಎರಡು ಕಿವಿಗಳೂ ಬಾಯಿಯ ಮೂಲಕ ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಸದ್ದು ತಮಟೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ಮುಟ್ಟುತ್ತದೆ, ಬಂದ ದಿಕ್ಕಿಗೆ ತಕ್ಕಂತೆ ತಮಟೆಯ ಕಂಪನವೂ ಬದಲಾಗುತ್ತದೆ. ನನಗೆ ಇನ್ನೂ ಬೆರಗು ಹುಟ್ಟಿಸುವುದು 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ: ಅಮೆರಿಕದ ಹಸಿರು ಮರಗಪ್ಪೆಯ ಗಾಳಿ ತುಂಬಿದ ಶ್ವಾಸಕೋಶಗಳು, ಅನ್ಯ ಪ್ರಭೇದಗಳ ಕೂಗಿನ ಆವರ್ತನಗಳಿಗೆ ತಮಟೆ ಸ್ಪಂದಿಸುವುದನ್ನು ತಗ್ಗಿಸುತ್ತವೆ, ಸ್ವಂತ ಪ್ರಭೇದದ ಕೂಗು ಮಾತ್ರ ಕುಂದದೆ ಕೇಳುತ್ತದೆ.

ಈಗ ಮಂದವಾದ ಕೆಂಪು ಬೆಳಕಿನಲ್ಲಿ ದಡಕ್ಕೂ ಕೂಗುವ ಗಂಡುಗಳಿಗೂ ನಡುವಿನ ಜಾಗವನ್ನು ನಿಧಾನವಾಗಿ ನೋಡಿ. ಹೆಣ್ಣು ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು, ಮೊಟ್ಟೆ ತುಂಬಿದ ಅದರ ಒಡಲು ಉಬ್ಬಿರುತ್ತದೆ. ಅದು ನೇರವಾಗಿ ಬರುವುದಿಲ್ಲ. ಕೆಲವು ಬಾರಿ ಕುಪ್ಪಳಿಸಿ, ನಿಂತು, ಮೈ ತಿರುಗಿಸಿ, ಮತ್ತೊಂದು ಕೂಗು ಕೇಳಿ ದಿಕ್ಕನ್ನು ತಿದ್ದಿಕೊಂಡು ಮುಂದುವರಿಯುತ್ತದೆ. ಪ್ರತಿ ನಿಲುಗಡೆಯ ಸಮಯವನ್ನೂ ಆ ಹೊತ್ತಿಗೆ ಕೂಗುತ್ತಿದ್ದ ಗಂಡುಗಳನ್ನೂ ಬರೆದುಕೊಳ್ಳಿ, ಏಕೆಂದರೆ ಆಯ್ಕೆಯ ಸುಳಿವು ಅಲ್ಲಿದೆ. ಕೂಗುವ ಗಂಡಿನ ಪಕ್ಕದಲ್ಲೇ ಮೌನವಾಗಿ ಕುಳಿತ ಕಪ್ಪೆಯನ್ನು ಹೆಣ್ಣೆಂದು ಭಾವಿಸಬೇಡಿ. ಬರುವ ಹೆಣ್ಣನ್ನು ನಡುದಾರಿಯಲ್ಲೇ ತಡೆಯಲು ಹೊಂಚುವ ಗಂಡುಗಳೂ ಉಂಟು.

ಯಾವ ಗುಣಕ್ಕೆ ಹೆಣ್ಣು ಒಲಿಯಿತೆಂಬುದನ್ನು ನೋಟವೊಂದರಿಂದಲೇ ಹೇಳಲಾಗದು. ಸಂಶೋಧಕರು ಹೆಣ್ಣನ್ನು ಎರಡು ಸ್ಪೀಕರ್‌ಗಳ ನಟ್ಟನಡುವೆ ಬಿಟ್ಟು, ಒಂದೇ ಗುಣದಲ್ಲಿ ವ್ಯತ್ಯಾಸವಿರುವ ಎರಡು ಕೂಗುಗಳನ್ನು ಸಮಾನ ಗಟ್ಟಿತನದಲ್ಲಿ ಸರದಿಯಂತೆ ನುಡಿಸಿ, ಅದು ಯಾವ ಕಡೆ ಹೋಗುತ್ತದೆಂದು ನೋಡುತ್ತಾರೆ. ಮುಂದಿನ ಸುತ್ತಿನಲ್ಲಿ ಕೂಗುಗಳ ಬದಿಯನ್ನು ಅದಲುಬದಲು ಮಾಡದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ಅನುಮತಿಯಿಲ್ಲದೆ ಕಪ್ಪೆಗಳನ್ನು ಹಿಡಿಯಬೇಡಿ, ಮತ್ತು ಶಿಲೀಂಧ್ರರೋಗ ಹರಡದಂತೆ ಬೇರೊಂದು ಕೊಳಕ್ಕೆ ಹೋಗುವ ಮುನ್ನ ಬೂಟುಗಳನ್ನು ತೊಳೆದು ಪೂರ್ತಿ ಒಣಗಿಸಿ.

ಹೆಣ್ಣು ಗಂಡನ್ನು ಮುಟ್ಟಿ, ಗಂಡು ಅದರ ಬೆನ್ನೇರಿ ತಬ್ಬಿ ಹಿಡಿದೊಡನೆ ಸಮಯ ಗುರುತಿಸಿಕೊಂಡು ಬೆಳಕನ್ನು ಆರಿಸಿಬಿಡಿ.