ಹಾಡಲು ಬಾರದವನು ಗಾಯನಕ್ಕೆ ಹೋಗುವ ಬಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ನನಗೆ ಹಾಡಲು ಬರುವುದಿಲ್ಲ. ಪೇಟಿ, ತಬಲಾ ಯಾವುದೂ ನುಡಿಸಲು ಬರುವುದಿಲ್ಲ. ಆದರೆ ಊರಲ್ಲಿ ಎಲ್ಲಿ ಹಿಂದುಸ್ತಾನಿ ಶಾಸ್ತ್ರೀಯ ಗಾಯನ ಇದ್ದರೂ ನಾನು ಹಾಜರು. "ನಿಮಗ ಅದರಾಗ ಏನ್ ತಿಳಿತೈತ್ರೀ?" ಅಂತ ಪಕ್ಕದ ಅಂಗಡಿಯ ಕಾಕಾ ಇವತ್ತಿಗೂ ಕೇಳುತ್ತಾರೆ. ಮೊದಮೊದಲು ನಿಜಕ್ಕೂ ಏನೂ ತಿಳಿಯುತ್ತಿರಲಿಲ್ಲ. ಈಗ ತಕ್ಕಮಟ್ಟಿಗೆ ತಿಳಿಯುತ್ತದೆ. ಯಾವ ಗುರುಗಳ ಹತ್ತಿರವೂ ಕೂರದೆ, ಅಂಗಡಿ ನಡೆಸಿಕೊಂಡೇ ಇದು ಹೇಗೆ ಬಂತು ಅಂತ ಬರೆಯುತ್ತೇನೆ. ನನ್ನ ಹಾಗೆ ಹಿಂದಿನ ಕುರ್ಚಿಯಲ್ಲಿ ಕೂತು ಕೇಳುವವರು ಇನ್ನೂ ಇದ್ದಾರಲ್ವಾ, ಅವರಿಗೆ ಉಪಯೋಗ ಆದೀತು.

ಮೊದಲು ಕಾರ್ಯಕ್ರಮ ಇದೆ ಅಂತ ಗೊತ್ತಾಗಬೇಕಲ್ಲ. ಸಿನಿಮಾ ಗಾಯಕರು ಬಂದರೆ ಚೌಕಗಳಲ್ಲಿ ಬ್ಯಾನರ್ ಏಳುತ್ತವೆ. ಶಾಸ್ತ್ರೀಯ ಗಾಯನಕ್ಕೆ ಅಷ್ಟೆಲ್ಲ ಇಲ್ಲ. ಪೇಪರಿನ ಒಳಪುಟದಲ್ಲಿ ಎರಡು ಸಾಲು, ಅದೂ ಅದೇ ದಿನ ಬೆಳಗ್ಗೆ. ನನಗೆ ಮಾತ್ರ ನಾಲ್ಕೈದು ದಿನ ಮೊದಲೇ ಸುದ್ದಿ ಸಿಗುತ್ತದೆ. ಆಮಂತ್ರಣ ಪತ್ರಿಕೆಯ ಪ್ರತಿ ತೆಗೆಸಲು ನಮ್ಮ ಅಂಗಡಿಗೇ ಬರುತ್ತಾರಲ್ಲ! ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಕೆಳಗೆ "ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ". ಒಂದು ಪ್ರತಿ ಜಾಸ್ತಿ ತೆಗೆದು ಮೊಳೆಗೆ ಸಿಕ್ಕಿಸಿಕೊಳ್ಳುತ್ತೇನೆ. ಝೆರಾಕ್ಸ್ ಅಂಗಡಿ ಇಲ್ಲದವರು ಊರಿನ ಒಬ್ಬ ತಬಲಾ ಮಾಸ್ತರರ ಪರಿಚಯ ಮಾಡಿಕೊಳ್ಳಿ. ಹಾಡಲು ಯಾರೇ ಬರಲಿ, ತಬಲಾಕ್ಕೆ ಒಬ್ಬರು ಬೇಕೇ ಬೇಕು. ಹೀಗಾಗಿ ಎಲ್ಲ ಸುದ್ದಿಯೂ ಅವರ ಕಿವಿಗೆ ಬಿದ್ದಿರುತ್ತದೆ.

ಇನ್ನು ಸ್ವರ. ಅದು ನನಗೆ ಮೊದಲು ಕಣ್ಣಿಗೆ ಬಿತ್ತು, ಕಿವಿಗೆ ಬಿದ್ದದ್ದು ಆಮೇಲೆ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ನಮ್ಮ ಗಿರಾಕಿಗಳು. ಪ್ರವೇಶಿಕಾ, ಮಧ್ಯಮಾ, ವಿಶಾರದ ಅಂತ ಹಂತಗಳು. ಪರೀಕ್ಷೆ ಹತ್ತಿರ ಬಂತೆಂದರೆ ಕೈಬರಹದ ವಹಿ ಹಿಡಿದುಕೊಂಡು ಬರುತ್ತಾರೆ. ಸ್ವರ ಬರೆಯುವ ಭಾತಖಂಡೆ ಪದ್ಧತಿಯಲ್ಲಿ ಕೋಮಲ, ಅಂದರೆ ತುಸು ಇಳಿಸಿದ ಸ್ವರದ ಕೆಳಗೆ ಒಂದು ಅಡ್ಡಗೆರೆ. ತೀವ್ರ, ಅಂದರೆ ತುಸು ಏರಿಸಿದ ಮಧ್ಯಮದ ತಲೆ ಮೇಲೆ ಒಂದು ನೆಟ್ಟಗಿನ ಗೆರೆ. ಕೆಳದನಿಯ ಮಂದ್ರ ಸ್ವರಕ್ಕೆ ಕೆಳಗೆ ಚುಕ್ಕೆ, ಮೇಲ್ದನಿಯ ತಾರ ಸ್ವರಕ್ಕೆ ಮೇಲೆ ಚುಕ್ಕೆ. ತಾಳದ ಮೊದಲ ಎಣಿಕೆಗೆ, ಅಂದರೆ ಸಮ್ಮಿಗೆ, ಗುಣಾಕಾರದ ಗುರುತು; ಚಪ್ಪಾಳೆ ಇಲ್ಲದ ಖಾಲಿಗೆ ಸೊನ್ನೆ.

ಪೆನ್ಸಿಲ್ಲಿನಲ್ಲಿ ಬರೆದ ವಹಿ, ಟೋನರ್ ಮುಗಿಯುತ್ತಾ ಬಂದ ಮಷಿನ್. ಎರಡೂ ಕೂಡಿದರೆ ಗೆರೆ ಮಾಯ. ಭೀಮಪಲಾಸಿ ರಾಗದ ಆರೋಹ, ಅಂದರೆ ಸ್ವರ ಏರುವ ಕ್ರಮ, ನಿ ಸ ಗ ಮ ಪ ನಿ ಸ. ಅದರಲ್ಲಿ ಗ, ನಿ ಎರಡೂ ಕೋಮಲ. ಅಡ್ಡಗೆರೆ ಹಾರಿಹೋದರೆ ಹಾಳೆಯ ಮೇಲೆ ಉಳಿಯುವುದು ತಿಲಂಗ ಅನ್ನುವ ಬೇರೆಯೇ ರಾಗದ ಆರೋಹ! ಮಗು ಪರೀಕ್ಷೆಯಲ್ಲಿ ಹಾಗೇ ಹಾಡಿದರೆ ಗತಿಯೇನು? ಅದಕ್ಕೇ ಸಂಗೀತದ ವಹಿ ಬಂದರೆ ನಾನು ಡಾರ್ಕ್ ಏರಿಸಿ, ಪ್ರತಿ ಹಾಳೆಯನ್ನೂ ಮೂಲದ ಪಕ್ಕ ಹಿಡಿದು ನೋಡಿಯೇ ಕೊಡುತ್ತೇನೆ. ನೋಡ್ತಾ ನೋಡ್ತಾ ಯಾವ ರಾಗಕ್ಕೆ ಎಲ್ಲಿ ಗೆರೆ ಅನ್ನುವುದು ತಲೆಯಲ್ಲಿ ಕೂತಿತು. ಅದು ಸುಮ್ನೆ ಬಾಯಿಪಾಠ, ದನಿ ಇಲ್ಲ. ದನಿ ಕೊಟ್ಟದ್ದು ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್. ಮಷಿನ್ ಓಡುವಾಗ ರೇಡಿಯೋ ಕರಕರ ಅನ್ನುತ್ತಿತ್ತು, ಹಾಗಾಗಿ ಗಿರಾಕಿ ಇಲ್ಲದ ಹೊತ್ತಿನಲ್ಲೇ ಕೇಳಬೇಕು. ಹಾಡುವ ಮುಂಚೆ ರಾಗದ ಹೆಸರು ಹೇಳುತ್ತಾರಲ್ಲ, ಆಗ ಗೆರೆಗೂ ದನಿಗೂ ತಾಳೆ ಹಾಕುತ್ತಾ ಹೋದೆ.

ಈಗ ಗಾಯನಕ್ಕೆ ಹೋಗುವ ಮಾತು. ಪತ್ರಿಕೆಯಲ್ಲಿ ಸಂಜೆ 6 ಅಂತ ಇದ್ದರೆ ಹಾಡು ಶುರುವಾಗುವುದು 7ಕ್ಕೆ ಅಂತ ಊರಿಗೆಲ್ಲ ಗೊತ್ತು. ದೀಪ ಹಚ್ಚಬೇಕು, ಶಾಲು ಹೊದಿಸಬೇಕು, ಅಧ್ಯಕ್ಷರು ಮಾತಾಡಬೇಕು. ಹೀಗಾಗಿ ಜನ 7ಕ್ಕೇ ಬರುತ್ತಾರೆ. ನಾನು ಐದೂವರೆಗೆ ಹೋಗುತ್ತೇನೆ. ಅಂಗಡಿಯಲ್ಲಿ ತಮ್ಮನ ಮಗನನ್ನು ಕೂರಿಸಿ, ಸಂಜೆಯ ಗಲ್ಲಾದಲ್ಲಿ ಅವನಿಗೂ ಒಂದು ಪಾಲು ಅಂತ ಮಾತಾಗಿದೆ. ಬೇಗ ಹೋಗುವುದು ಕುರ್ಚಿಗಾಗಿ ಅಲ್ಲ, ತಂಬೂರಿ ಶ್ರುತಿ ಮಾಡುವುದನ್ನು ಕೇಳಲಿಕ್ಕೆ.

ತಂಬೂರಿಗೆ ನಾಲ್ಕು ತಂತಿ. ನಡುವಿನ ಜೋಡಿ ಷಡ್ಜ (ಸ), ಕೊನೆಯದು ಮಂದ್ರ ಷಡ್ಜ. ಆಟ ಇರುವುದೆಲ್ಲ ಮೊದಲನೆಯದರಲ್ಲಿ. ಸಾಮಾನ್ಯವಾಗಿ ಅದು ಪಂಚಮ (ಪ). ಮಾಲಕಂಸದಂತೆ ಪಂಚಮವೇ ಇಲ್ಲದ ರಾಗವಾದರೆ ಅದನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಮಾರವಾ, ಪೂರಿಯಾ ಹಾಡುವುದಿದ್ದರೆ ನಿಷಾದಕ್ಕೆ. ಅಧ್ಯಕ್ಷರ ಭಾಷಣದ ಹಿಂದಿನಿಂದ, ಪರದೆಯಾಚೆ ನಿಷಾದ ಕೇಳಿಸಿತು ಅಂದರೆ ಸಂಜೆಯ ದೊಡ್ಡ ರಾಗ ಯಾವುದಿರಬಹುದು ಅಂತ ಅಂದಾಜು ಸಿಕ್ಕಿತು. ಪಕ್ಕದವರ ಜೊತೆ ಒಂದು ಕಪ್ ಚಹಾದ ಪಂಥ ಕಟ್ಟಬಹುದು. ನಾನು ಕಟ್ಟಿದ್ದೇನೆ, ಗೆದ್ದ ಚಹಾ ಕುಡಿದೂ ಇದ್ದೇನೆ.

ಈ ಹುಚ್ಚು ಏರಿ, ತಂಬೂರಿ ಮಾಡುವ ಮಹಾರಾಷ್ಟ್ರದ ಮಿರಜಕ್ಕೂ ಹೋಗಿ ಬಂದೆ. ರೈಲಿದೆ, ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅಂಗಡಿಯ ತುಂಬ ಒಣಗಿದ ಸೋರೆ ಬುರುಡೆಗಳು ತೂಗುಬಿದ್ದಿದ್ದವು. ಒಬ್ಬ ಕಾರೀಗರರು ತಂತಿಗೂ ಅದು ಕೂರುವ ಪಟ್ಟಿಗೂ ನಡುವೆ ಒಂದು ತುಂಡು ದಾರ ತೂರಿಸಿ, ಉಗುರಿನಿಂದ ಸರಿಸುತ್ತಿದ್ದರು. ದಾರ ಜಾಗದಲ್ಲಿ ಇಲ್ಲದಾಗ ತಂತಿ ಟಣ್ ಅಂದು ಸತ್ತುಹೋಗುತ್ತಿತ್ತು. ಸರಿಯಾದ ಕಡೆ ಬಂದಾಗ ಅದೇ ತಂತಿ ಝೂಂ ಅಂತ ಬಿಚ್ಚಿಕೊಂಡು ಬಹಳ ಹೊತ್ತು ನಿಂತಿತು. ತಂತಿಯ ಈ ಝೇಂಕಾರಕ್ಕೇ ಜವಾರಿ ಅನ್ನುತ್ತಾರೆ, ಜವಾರಿ ತೆಗೆಯುವುದು ಅಂದರೆ ಇದೇ. ಇಷ್ಟು ನೋಡಿದ ಮೇಲೆ ಮೊಬೈಲಿನ ತಂಬೂರಿ ಆ್ಯಪ್ ನನಗೆ ಸಪ್ಪೆ ಅನ್ನಿಸತೊಡಗಿತು. ಆದರೆ ಈಗ ಗಾಯನಗಳಲ್ಲೂ ಅದೇ ಜಾಸ್ತಿ, ಏನು ಮಾಡೋದು.

ಬೇಗ ಹೋದದ್ದಕ್ಕೆ ತಮಾಷೆಗಳೂ ಸಿಗುತ್ತವೆ. ಒಂದು ಬೇಸಿಗೆಯಲ್ಲಿ ಮಂಗಲ ಕಾರ್ಯಾಲಯದಲ್ಲಿ ಗಾಯನ ಇತ್ತು. ಹಾಡಲು ಬಂದ ಗಾಯಕಿ ಮೇಲೆ ನೋಡಿ, ಗಾಳಿಗೆ ತಂಬೂರಿ ಶ್ರುತಿ ತಪ್ಪುತ್ತದೆ ಅಂತ ಫ್ಯಾನ್ ಬಂದ್ ಮಾಡಿಸಿದರು. ಸೆಕೆ ಅಂದರೆ ಸೆಕೆ. ಸ್ವಲ್ಪ ಹೊತ್ತಿಗೆ ಇಡೀ ಸಭೆ ಆಮಂತ್ರಣ ಪತ್ರಿಕೆ ಮಡಚಿ ಬೀಸಿಕೊಳ್ಳತೊಡಗಿತು. ಎಲ್ಲ ನನ್ನ ಮಷಿನ್ನಿನಿಂದ ಬಂದ ಹಾಳೆಗಳು! ನಿಧಾನಗತಿಯ ವಿಲಂಬಿತ ಶುರುವಾದ ಮೇಲೆ ಬೀಸುವ ಕೈಗಳೂ ಮೆಲ್ಲಗೆ ಲಯಕ್ಕೆ ಬಂದವು. ವೇಗದ ದ್ರುತ್‌ಗೆ ಹೋದಾಗ ಮಾತ್ರ ಯಾರ ಕೈಗೂ ಸಾಧ್ಯವಾಗಲಿಲ್ಲ.

ಎಲ್ಲಿ ಕೂರಬೇಕು ಅನ್ನುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸಾಲು ಸತ್ಕಾರದವರದ್ದು. ಶಾಲು ಹೆಗಲಿಗೆ ಬಿದ್ದ ಮೇಲೆ ಅದು ಅರ್ಧ ಖಾಲಿ. ಸ್ಪೀಕರಿನ ಬಾಯಿಗೆ ಕೂರಬೇಡಿ. ತಬಲಾದವರ ಎರಡೂ ಕೈ ಕಾಣುವ ಹಾಗೆ ಕೂತರೆ ಆಯಿತು.

ಎರಡೂ ಕೈ ಯಾಕೆ ಅಂದರೆ, ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಗೋಳು ಹೊಯ್ದುಕೊಂಡದ್ದು ತಾಳ. ತೀನತಾಲ ಪರವಾಗಿಲ್ಲ, 16 ಮಾತ್ರೆ, ಅಂದರೆ 16 ಎಣಿಕೆ, ಬೆರಳಲ್ಲಿ ಎಣಿಸಬಹುದು. ವಿಲಂಬಿತ ಏಕತಾಲದಲ್ಲಿ ಮಾತ್ರೆ ಬರೀ 12. ಆದರೆ ಕಿರಾಣಾ ಅನ್ನುವ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು, ನಿಧಾನಕ್ಕೆ ಹಿಡಿದರೆ ತಾಳದ ಒಂದು ಸುತ್ತಿಗೆ, ಅಂದರೆ ಒಂದು ಆವರ್ತನಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ. ನಡುವೆ ಎಲ್ಲೋ ಎಣಿಕೆ ಜಾರುತ್ತದೆ. ಮುಂದಿನ ಸಾಲಿನ ಒಬ್ಬ ಅಜ್ಜ "ಆಹಾ!" ಅಂದಾಗಲೇ ಸಮ್ ಬಂದು ಹೋಯಿತು ಅಂತ ನನಗೆ ತಿಳಿಯುತ್ತಿದ್ದದ್ದು. ಆ ಅಜ್ಜನನ್ನೇ ಒಂದು ಸಲ ಚಹಾದ ಹೊತ್ತಿನಲ್ಲಿ ಹಿಡಿದೆ.

"ಅಜ್ಜಾರ, ನೀವು ಮಾತ್ರಿ ಎಣಸ್ತೀರೇನ್ರೀ?"

"ಎಣಸೂದು ಬ್ಯಾಂಕಿನ್ಯಾಗ ಮುಗದೈತಿ," ಅಂದರು. ರಿಟೈರಾದ ಕ್ಯಾಶಿಯರ್ ಅವರು. "ನೀ ತಿರಕಿಟ ಕೇಳ ತಮ್ಮಾ. ಎರಡ್ ತಿರಕಿಟ ಬರ್ತಾವು. ಎರಡನೇದು ಬಂತಂದ್ರ ನೆಟ್ಟಗ ಕೂಡು."

ಏಕತಾಲದ ಠೇಕಾ, ಅಂದರೆ ತಬಲಾದಲ್ಲಿ ನುಡಿಸುವ ಬೋಲುಗಳ ಸಾಲು, ಹೀಗೆ: ಧಿನ್ ಧಿನ್ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧಿನ್ ನಾ. ನಾಲ್ಕನೇ ಮಾತ್ರೆಗೆ ಒಂದು ತಿರಕಿಟ, ಹತ್ತನೆಯದಕ್ಕೆ ಇನ್ನೊಂದು. ಎರಡನೆಯದಾದ ಮೇಲೆ ಧಿನ್, ನಾ. ಅಷ್ಟಾದರೆ ಸಮ್. ಆದರೆ ಇದು ಮೊದಲನೆಯದೋ ಎರಡನೆಯದೋ ಅಂತ ತಿಳಿಯುವುದು ಹೇಗೆ? ಅದಕ್ಕೇ ಎಡಗೈ ನೋಡಬೇಕು. ಮೊದಲ ತಿರಕಿಟ ಆದ ಮೇಲೆ ಬರುವುದು ತೂ ನಾ, ಬರೀ ಬಲಗೈ ಕೆಲಸ, ಎಡಗೈಯ ಡಗ್ಗಾ ಸುಮ್ಮನಿರುತ್ತದೆ. ಎರಡನೆಯದಾದ ಮೇಲೆ ಬರುವ ಧಿನ್‌ಗೆ ಡಗ್ಗಾ ಗುಂಯ್ ಅನ್ನುತ್ತದೆ. ಹಾಡುವವರು ಮುಖಡಾ, ಅಂದರೆ ಹಾಡಿನ ಮೊದಲ ಸಾಲು, ಎತ್ತುವುದೂ ಆ ಆಸುಪಾಸಿನಲ್ಲೇ. ಇದು ಪಕ್ಕಾ ಆದ ಸಂಜೆ ಅಜ್ಜನ "ಆಹಾ"ಕ್ಕೂ ನನ್ನ "ಆಹಾ"ಕ್ಕೂ ಒಂದು ಕೂದಲೆಳೆಯ ಅಂತರವೂ ಇರಲಿಲ್ಲ. ಅವರು ಹಿಂದಿರುಗಿ ನೋಡಿ, ಹುಬ್ಬು ಹಾರಿಸಿ, ಮತ್ತೆ ಮುಂದೆ ತಿರುಗಿದರು. ಅಷ್ಟು ಸಾಕಿತ್ತು.

ನಮ್ಮೂರಿನ ಸಭೆಯಲ್ಲಿ ಇನ್ನೊಂದು ಮಜಾ ಇದೆ. ವಿಲಂಬಿತದ ದೊಡ್ಡ ಹಾಡು, ಅಂದರೆ ಬಡಾ ಖ್ಯಾಲ್, ಮುಗಿದು ವೇದಿಕೆಗೆ ಚಹಾ ಹೋಗುವ ಹೊತ್ತಿಗೆ ಚೀಟಿಗಳು ಹೊರಡುತ್ತವೆ. ಒಂದರಲ್ಲಿ ಅಭಂಗ ಹಾಡಿ ಅಂತ, ಇನ್ನೊಂದರಲ್ಲಿ ವಚನ, ಮತ್ತೊಂದರಲ್ಲಿ ನಾಟ್ಯಗೀತೆ, ದಾಸರ ಪದ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ್ದನ್ನೂ, ಭೀಮಸೇನ ಜೋಶಿಯವರು ಕನ್ನಡದ ದಾಸರ ಪದ, ಮರಾಠಿಯ ಅಭಂಗ ಎರಡನ್ನೂ ಹಾಡಿದ್ದನ್ನೂ ಕೇಳಿ ಬೆಳೆದ ಜನ. ಹೀಗಾಗಿ ಬಂದ ಕಲಾವಿದರಿಗೆ ಎರಡೂ ಭಾಷೆಯ ಹಾಡು ಬರಬೇಕು. ತಿಳಿದವರು ಒಂದೊಂದು ಹಾಡಿ ಎಲ್ಲರನ್ನೂ ಸಮಾಧಾನ ಮಾಡುತ್ತಾರೆ. ಹಾಡು ಹಿಡಿದರೆ ಮರಾಠಿ ಚೀಟಿ ಕಳಿಸಿದವರೂ ವಚನಕ್ಕೆ ತೊಡೆ ತಟ್ಟುತ್ತಾರೆ.

ಅಂಗಡಿಯಲ್ಲಿ ಕೂತಲ್ಲೇ ಸಿಗುವ ಸಣ್ಣ ಸಣ್ಣ ಖುಷಿಗಳೂ ಇವೆ. ಒಬ್ಬ ಹಿರಿಯರು ಆಧಾರ್ ಕಾರ್ಡಿನ ಪ್ರತಿಗೆ ಬಂದರು. ವಿಳಾಸ ಸುಳೇಭಾವಿ. "ಗಾಯಕ ಕುಮಾರ ಗಂಧರ್ವರ ಊರಲ್ರೀ!" ಅಂದೆ. ಅವರ ಮುಖ ಅರಳಿತು. "ಹೌದ್ರೀ. ಹೆಸರು ಶಿವಪುತ್ರ. ಗಂಧರ್ವ ಆಮ್ಯಾಗ," ಅಂದರು. 1924ರ ಏಪ್ರಿಲ್ 8ರಂದು ಅಲ್ಲಿ ಹುಟ್ಟಿದ ಹುಡುಗ ಮುಂಬಯಿಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿತು, ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದರು. ಕ್ಷಯರೋಗ ಬಂದು ವರ್ಷಗಟ್ಟಲೆ ಹಾಡಲಾಗಲಿಲ್ಲ. ಮತ್ತೆ ಹಾಡಲು ಶುರು ಮಾಡಿದಾಗ ಒಂದು ಶ್ವಾಸಕೋಶ ಕೆಲಸ ಬಿಟ್ಟಿತ್ತು. ಅವರ ಧ್ವನಿಮುದ್ರಿಕೆ ಕೇಳುವಾಗ ಸಾಲುಗಳು ಎಲ್ಲಿ ತುಂಡಾಗುತ್ತವೆ ಅಂತ ಗಮನಿಸಿ. ಉಸಿರು ಕಡಿಮೆ ಇದ್ದದ್ದನ್ನೇ ಅವರು ತಮ್ಮ ಶೈಲಿ ಮಾಡಿಕೊಂಡರು ಅಂತ ನನಗನ್ನಿಸುತ್ತದೆ. ನಮ್ಮೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಅದರ ಮುಂದೆ ದಿನಾ ಓಡಾಡುವ ಎಷ್ಟೋ ಹುಡುಗರಿಗೆ ಅವರು ಇಲ್ಲಿಯವರು ಅಂತಲೇ ಗೊತ್ತಿಲ್ಲ.

ಕೇಳಿದ್ದನ್ನು ಬರೆದಿಡುತ್ತೇನೆ. ಒಂದು ಮಗ್ಗುಲು ಕೆಟ್ಟ ಝೆರಾಕ್ಸ್ ಹಾಳೆಗಳನ್ನು ಪಿನ್ ಹೊಡೆದು ವಹಿ ಮಾಡಿಕೊಂಡಿದ್ದೇನೆ. ರಾಗ, ತಾಳ, ತಬಲಾ ಯಾರದು, ತಂಬೂರಿಯ ಮೊದಲ ತಂತಿ ಯಾವುದು, ಇಷ್ಟೇ. ಒಂದು ದಿನ ಹಾಳೆ ತಿರುವಿದಾಗ ಒಂದು ವಿಷಯ ಹೊಳೆಯಿತು. ಯಮನ್, ಪೂರಿಯಾ ಧನಾಶ್ರೀ, ಭೂಪ್, ಬಿಹಾಗ್, ಬಾಗೇಶ್ರೀ, ಕೊನೆಗೆ ಭೈರವಿ. ಎಲ್ಲ ಇವೇ. ತೋಡಿ ಇಲ್ಲ, ಲಲಿತ್ ಇಲ್ಲ, ದೇಶಕಾರ್ ಇಲ್ಲ. ನಮ್ಮ ರಾಗಗಳಿಗೆ ಹೊತ್ತು ಇದೆ, ಗಾಯನಗಳೆಲ್ಲ ಸಂಜೆ 6ರಿಂದ 10ರೊಳಗೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಬಂದ ಮೇಲೆ ಅಹೋರಾತ್ರಿ ಬೈಠಕ್‌ಗಳು ಕಡಿಮೆಯಾದವು. ನಿಯಮ ತಪ್ಪು ಅನ್ನುವುದಿಲ್ಲ, ನನಗೂ ಮದುವೆ ಡಿಜೆಯ ಕಾಟ ಗೊತ್ತು. ಆದರೆ ಬೆಳಗಿನ ರಾಗಗಳು ಸಂಜೆಯ ಶ್ರೋತೃಗಳಿಗೆ ಸಿಗುತ್ತಿಲ್ಲ. ಉಳಿದಿರುವ ದಾರಿ ಎರಡು. ಒಂದು, ದೀಪಾವಳಿಯಲ್ಲಿ ಬೆಳಗಿನ ಜಾವ ನಡೆಯುವ ಪಹಾಟ್ ಕಾರ್ಯಕ್ರಮ. ಇನ್ನೊಂದು ಕುಂದಗೋಳ.

ಕುಂದಗೋಳ ಗಾಯಕ ಸವಾಯಿ ಗಂಧರ್ವರ ಊರು. ಅವರು ಅಬ್ದುಲ್ ಕರೀಂ ಖಾನರ ಶಿಷ್ಯರು; ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇಬ್ಬರಿಗೂ ಗುರುಗಳು. ಅಲ್ಲಿಯ ನಾಡಗೀರ ವಾಡೆಯಲ್ಲಿ ಅವರ ನೆನಪಿನ ಗಾಯನ ರಾತ್ರಿಯಿಡೀ ನಡೆಯುತ್ತದೆ. ಬೆಳಗಾವಿಯಿಂದ ಹುಬ್ಬಳ್ಳಿ ಬಸ್ಸು, ಅಲ್ಲಿಂದ ಕುಂದಗೋಳ ಬಸ್ಸು. ನೆಲದ ಮೇಲೆ ಕೂರಬೇಕು, ಹೊದೆಯಲು ಒಂದು ಚಾದರ ಇರಲಿ. ಮರುದಿನ ಅಂಗಡಿ ತೆಗೆಯುವ ಆಸೆ ಬಿಟ್ಟುಬಿಡಿ. ಮಧ್ಯರಾತ್ರಿ ದಾಟಿದ ಮೇಲೆ ಅರ್ಧ ಜನ ಗೋಡೆಗೆ ಒರಗಿ ನಿದ್ದೆ ಮಾಡುತ್ತಾರೆ. ಯಾರೂ ಬೈಯುವುದಿಲ್ಲ.

ನಾನು ಕಾಯುತ್ತಿದ್ದ ದೇಶಕಾರ್ ಸಿಕ್ಕಿದ್ದು ಅಲ್ಲೇ, ಬೆಳಕು ಹರಿದ ಮೇಲೆ. ಭೂಪಿಗೂ ದೇಶಕಾರಿಗೂ ಸ್ವರ ಅವೇ ಐದು, ಸ ರಿ ಗ ಪ ಧ. ಸಂಜೆಯ ಭೂಪು ಗಾಂಧಾರದ ಮೇಲೆ ನಿಲ್ಲುತ್ತದೆ. ಬೆಳಗಿನ ದೇಶಕಾರ್ ಧೈವತದ ಮೇಲೆ, ಹಾಡು ಮೇಲಿನ ಅರ್ಧದಲ್ಲೇ ಓಡಾಡುತ್ತದೆ. ವಹಿಯಲ್ಲಿ ಎರಡಕ್ಕೂ ಗೆರೆ ಇಲ್ಲ, ಹಾಳೆ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಕಿವಿಯಲ್ಲೇ ಹಿಡಿಯಬೇಕು. ಹಿಡಿದೆ. ಅಷ್ಟರಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ ಪಕ್ಕದವರು ಎದ್ದು, ಕಣ್ಣುಜ್ಜಿಕೊಂಡು, ಸ್ವಲ್ಪ ಕೇಳಿ ಗಾಬರಿಯಿಂದ ಅಂದರು: "ಏನ್ರೀ ಇದು, ನಾ ಮಲಗೂಮುಂದನೂ ಭೂಪ್ ನಡದಿತ್ತು, ಇನ್ನೂ ಮುಗದಿಲ್ಲೇನ್ರೀ?"