ಮಹಿಳೆಯರ ಬ್ರೆಸ್ಟ್‌ಸ್ಟ್ರೋಕ್ ಫೈನಲ್ ನೋಡೋದು ಹೇಗೆ: ಕಣ್ಣು ನೀರಿನ ಕೆಳಗಿರ್ಲಿ

ಒಲಿಂಪಿಕ್ಸ್ ಬಂದ್ರೆ ಫ್ರೀಸ್ಟೈಲ್ ನೋಡೋಕೆ ಎಲ್ಲರೂ ಕೂರ್ತಾರೆ, ಕಪ್ಪೆ ತರ ಕೈಕಾಲು ಆಡಿಸೋ ಬ್ರೆಸ್ಟ್‌ಸ್ಟ್ರೋಕ್ ಶುರುವಾದ್ರೆ ಮಾತ್ರ "ಇದೇನು ಇಷ್ಟು ನಿಧಾನ" ಅಂತ ಎದ್ದು ಹೋಗ್ತಾರೆ. ನಿಧಾನ ಹೌದು, ಈಜಿನ ನಾಲ್ಕು ಸ್ಟ್ರೋಕ್‌ಗಳಲ್ಲಿ, ಅಂದ್ರೆ ಶೈಲಿಗಳಲ್ಲಿ, ಅತಿ ನಿಧಾನದ್ದು ಇದೇ. ಆದ್ರೆ ನಂಗೆ ಈಜಿನಲ್ಲಿ ಇದಕ್ಕಿಂತ ಇಷ್ಟವಾದ ರೇಸ್ ಇನ್ನೊಂದಿಲ್ಲ, ಯಾಕಂದ್ರೆ ಇಲ್ಲಿ ಗೆಲುವು ಸೋಲು ತೀರ್ಮಾನ ಆಗೋದು ಹೆಚ್ಚಾಗಿ ನಮ್ಮ ಕಣ್ಣು ಹೋಗದ ಜಾಗದಲ್ಲಿ. ಎಲ್ಲಿ ನೋಡ್ಬೇಕು ಅಂತ ಗೊತ್ತಾದ್ರೆ 100 ಮೀಟರ್ ರೇಸಿನ ಒಂದು ನಿಮಿಷ ಐದು ಸೆಕೆಂಡ್ ಹೇಗೆ ಹೋಯ್ತು ಅಂತಾನೇ ಗೊತ್ತಾಗಲ್ಲ.

ರೇಸ್ ಶುರುವಾಗೋ ಮುಂಚೆ ಲೇನ್ ನಂಬರ್ ನೋಡ್ಕೊಳ್ಳಿ. ಸೆಮಿಫೈನಲ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಈಜಿದವರಿಗೆ 4ನೇ ಲೇನ್, ಎರಡನೆಯವರಿಗೆ 5, ಆಮೇಲೆ 3, 6, 2, 7, 1, 8 ಹೀಗೆ. ಅಂದ್ರೆ ಫೇವರಿಟ್‌ಗಳು ಮಧ್ಯದಲ್ಲೇ ಇರ್ತಾರೆ, ಅಂಚಿನ ಲೇನ್‌ನಿಂದ ಯಾರಾದ್ರೂ ಮುನ್ನುಗ್ಗಿದ್ರೆ ಅದು ದೊಡ್ಡ ಸುದ್ದಿ.

ಈಗ ಡೈವ್. ಬೀಪ್ ಆಗಿ ನೀರಿಗೆ ಹಾರಿದ ಮೇಲೆ ಎಲ್ಲರೂ ಮುಂದೆ ಯಾರು ಮೇಲೆ ಬರ್ತಾರೆ ಅಂತ ಕಾಯ್ತಾರೆ, ನೀವು ಹಾಗೆ ಮಾಡ್ಬೇಡಿ, ನೀರೊಳಗಿನ ಕ್ಯಾಮೆರಾ ತೋರಿಸಿದ್ರೆ ಅದನ್ನೇ ನೋಡಿ. ಅಲ್ಲಿ ನಡೆಯೋದಕ್ಕೆ ಪುಲ್‌ಔಟ್ ಅಂತಾರೆ. ಮೊದಲು ಎರಡೂ ಕೈ ಮುಂದೆ ಚಾಚಿ, ತಲೆ ತೋಳುಗಳ ಮಧ್ಯೆ ಅಡಗಿಸಿ, ಮೈಯೆಲ್ಲಾ ಒಂದೇ ಗೆರೆ ಮಾಡ್ಕೊಂಡು ಜಾರ್ತಾರೆ. ಆಮೇಲೆ ಒಂದು, ಒಂದೇ ಒಂದು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಡಾಲ್ಫಿನ್ ಬಾಲದ ತರ ಹೊಡೆಯೋದು), ಜೊತೆಗೆ ಎರಡೂ ಕೈ ತೊಡೆ ತನಕ ಪೂರ್ತಿ ಎಳೀತಾರೆ. ಕೈ ಮೈಗೆ ಅಂಟಿಸ್ಕೊಂಡೇ ಇನ್ನೊಂದಷ್ಟು ದೂರ ಜಾರಿ, ನಿಧಾನಕ್ಕೆ ಕೈಗಳನ್ನ ಎದೆ ಪಕ್ಕದಲ್ಲೇ ಮುಂದೆ ತಂದು, ಒಂದು ಬ್ರೆಸ್ಟ್‌ಸ್ಟ್ರೋಕ್ ಕಿಕ್ ಹೊಡೆದು ಮೇಲೆ ಬರ್ತಾರೆ. ನೀರೊಳಗಿನ ಆ ಎಳೆತ ಮೊದಲನೇ ಸ್ಟ್ರೋಕ್, ಎರಡನೇ ಸ್ಟ್ರೋಕ್‌ನಲ್ಲಿ ಕೈ ಅಗಲವಾಗಿ ಚಾಚಿ ಒಳಕ್ಕೆ ತಿರುಗೋ ಮುಂಚೆ ತಲೆ ನೀರಿನಿಂದ ಹೊರಗೆ ಬಂದಿರಲೇಬೇಕು, ಇಲ್ಲಾಂದ್ರೆ ಅನರ್ಹ.

ಇಡೀ ರೇಸಲ್ಲಿ ವೇಗ ಅತಿ ಹೆಚ್ಚಿರೋದು ಇಲ್ಲೇ. ಬೇಗ ಮೇಲೆ ಬಂದವರು ಮುಂದಿದ್ದಾರೆ ಅಂತ ಅನ್ಸುತ್ತೆ, ಆದ್ರೆ ತಡವಾಗಿ ಮೇಲೆ ಬಂದವರು ಎಷ್ಟೋ ಸಲ ಅವರಿಗಿಂತ ಅರ್ಧ ಮೈ ಮುಂದೆ ಎದ್ದಿರ್ತಾರೆ. ಜಾಸ್ತಿ ಹೊತ್ತು ಜಾರಿದ್ರೂ ಕಷ್ಟ, ವೇಗ ಸತ್ತುಹೋಗುತ್ತೆ, ಯಾವ ಕ್ಷಣದಲ್ಲಿ ಮೇಲೆ ಬರ್ಬೇಕು ಅನ್ನೋ ಲೆಕ್ಕಾಚಾರದಲ್ಲೇ ಒಬ್ಬೊಬ್ಬರ ಕಲೆ ಇರೋದು. ಈ ಡಾಲ್ಫಿನ್ ಕಿಕ್ ಮೊದಲು ನಿಷಿದ್ಧವಾಗಿತ್ತು. 2004ರ ಅಥೆನ್ಸ್‌ನಲ್ಲಿ ಪುರುಷರ 100 ಮೀಟರ್ ಗೆದ್ದ ಜಪಾನಿನ ಕೊಸುಕೆ ಕಿಟಜಿಮಾ ಅದನ್ನ ಬಳಸಿದ್ರು ಅಂತ ದೊಡ್ಡ ಗಲಾಟೆ ಆಯ್ತು, 2005ರಲ್ಲಿ ನಿಯಮಾನೇ ಬದಲಾಯಿಸಿ ಒಂದು ಕಿಕ್‌ಗೆ ಅವಕಾಶ ಕೊಟ್ರು. ನನ್ನ ಪ್ರಕಾರ ಒಳ್ಳೇ ತೀರ್ಮಾನ, ನೀರೊಳಗೆ ಯಾರು ಕದ್ದು ಮಾಡಿದ್ರು ಅನ್ನೋ ಜಗಳ ಸಾಕಷ್ಟು ಕಮ್ಮಿ ಆಯ್ತು.

ಮೇಲೆ ಬಂದ ಮೇಲೆ ಕೈಗಿಂತ ಕಾಲಿನ ಕಡೆ ಗಮನ ಕೊಡಿ. ಬೇರೆ ಸ್ಟ್ರೋಕ್‌ಗಳಲ್ಲಿ ಕೈ ಯಜಮಾನ, ಇಲ್ಲಿ ಕಾಲು. ಪಾದ ಹೊರಕ್ಕೆ ತಿರುಗಿಸಿ ಹಿಂದಕ್ಕೆ ಒದೀತಾರೆ, ಆ ಒದೆತದಿಂದ ಮುಂದೆ ಹಾರ್ತಾರೆ, ಮತ್ತೆ ಕಾಲು ಮಡಚಿದ ತಕ್ಷಣ ನೀರು ಬ್ರೇಕ್ ಹಾಕುತ್ತೆ. ಪ್ರತಿ ಸ್ಟ್ರೋಕ್‌ನಲ್ಲೂ ಹೀಗೆ ವೇಗ ಏರಿ ಇಳಿದು ಏರಿ ಇಳಿದು ಮಾಡ್ತಿರುತ್ತೆ, ಅದಕ್ಕೇ ಇದು ನಿಧಾನದ ಸ್ಟ್ರೋಕ್, ಅದಕ್ಕೇ ಇಷ್ಟು ಸುಸ್ತಿನದ್ದು ಕೂಡ. ಮಂಡಿ ಜಾಸ್ತಿ ಅಗಲ ಮಾಡದೆ, ಭುಜ ಎತ್ತಿ ತಕ್ಷಣ ಮುಂದಕ್ಕೆ ಚಾಚಿ, ಕಾಲು ಒದೆಯೋ ಹೊತ್ತಿಗೆ ಮೈ ನೇರ ಆಗಿದ್ದರೆ ಅವರು ಆರಾಮಾಗಿದ್ದಾರೆ ಅಂತ ತಿಳ್ಕೊಳ್ಳಿ. 75 ಮೀಟರ್ ಆದ್ಮೇಲೆ ಯಾರ ತಲೆ ಮೇಲಕ್ಕೆ ಜಾಸ್ತಿ ಏಳ್ತಿದೆ, ಸೊಂಟ ಕೆಳಗೆ ಇಳೀತಿದೆ ನೋಡಿ, ಅವರ ಶಕ್ತಿ ಮುಗೀತಾ ಬಂತು.

50 ಮೀಟರಲ್ಲಿ ಟರ್ನ್. ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಬೇಕು, ಒಂದು ಕೈ ಮೊದಲು ಮುಟ್ಟಿದ್ರೆ ಕಥೆ ಮುಗೀತು. ಆಮೇಲೆ ಮತ್ತೆ ಪುಲ್‌ಔಟ್. ಇಲ್ಲಿ ಲೀಡ್‌ನಲ್ಲಿರೋರನ್ನ ನೋಡಿ "ಇವರೇ ಗೆಲ್ಲೋದು" ಅಂತ ಹೇಳೋಕೆ ಹೋಗ್ಬೇಡಿ. ಟಾಪ್ ಈಜುಗಾರ್ತಿಯರು ಮೊದಲ 50ನ್ನ ಸುಮಾರು 30 ಸೆಕೆಂಡಲ್ಲಿ ಮಾಡಿದ್ರೆ ಎರಡನೇದಕ್ಕೆ 34, 35 ತಗೋತಾರೆ, ಹಾಗಾಗಿ ಕೊನೇ 50ರಲ್ಲಿ ಯಾರು ಕಮ್ಮಿ ಕುಸೀತಾರೋ ಅವರದ್ದೇ ಮೇಲುಗೈ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 17 ವರ್ಷದ ಲಿಡಿಯಾ ಜೇಕಬಿ ಗೆದ್ದಿದ್ದು ಹೀಗೇ, ಹಿಂದಿನಿಂದ ಬಂದು 1:04.95ಕ್ಕೆ ಗೋಡೆ ಮುಟ್ಟಿದ್ರು, ದಕ್ಷಿಣ ಆಫ್ರಿಕಾದ ಟಟ್ಯಾನಾ ಸ್ಕೂನ್‌ಮೇಕರ್ ಎರಡನೇದು, ಹಿಂದಿನ ಚಾಂಪಿಯನ್ ಲಿಲ್ಲಿ ಕಿಂಗ್ ಮೂರನೇದು. ಜೇಕಬಿ ಅಲಾಸ್ಕಾದ ಸೆವರ್ಡ್ ಅನ್ನೋ ಸಣ್ಣ ಊರಿನ ಹುಡುಗಿ, ಬೋರ್ಡ್ ನೋಡಿ ನಂಬೋಕೇ ಆಗದೆ ನಿಂತ ಆ ಮುಖ ಇನ್ನೂ ಮರೆಯೋಕಾಗಲ್ಲ.

ಈಗ ಕೊನೇ ಐದು ಮೀಟರ್, ದಯವಿಟ್ಟು ಇಲ್ಲಿ ಕಣ್ಣು ಮಿಟುಕಿಸ್ಬೇಡಿ. ಫ್ರೀಸ್ಟೈಲ್ ತರ ಒಂದು ಕೈ ಚಾಚಿ ಮುಗಿಸೋ ಹಾಗಿಲ್ಲ, ಸ್ಟ್ರೋಕ್ ಗೋಡೆಗೆ ಸರಿಯಾಗಿ ಕೂರ್ಬೇಕು. ಅರ್ಧ ಸ್ಟ್ರೋಕ್ ದೂರ ಉಳಿದ್ರೆ ಜಾರಿಕೊಂಡೇ ಹೋಗ್ಬೇಕಾ, ಇನ್ನೊಂದು ಗಿಡ್ಡ ಸ್ಟ್ರೋಕ್ ತಗೋಬೇಕಾ ಅಂತ ಆ ಸುಸ್ತಲ್ಲೇ ತೀರ್ಮಾನ ಮಾಡ್ಬೇಕು. ಪ್ಯಾರಿಸ್ 2024ರ 100 ಮೀಟರ್ ಹಾಕಿ ನೋಡಿ: ಮದುವೆ ಆದ್ಮೇಲೆ ಟಟ್ಯಾನಾ ಸ್ಮಿತ್ ಅಂತ ಈಜಿದ ಅದೇ ಸ್ಕೂನ್‌ಮೇಕರ್ 1:05.28ರಲ್ಲಿ ಚಿನ್ನ, ಚೀನಾದ ಟಾಂಗ್ ಚಿಯಾಂಟಿಂಗ್ 1:05.54, ಐರ್ಲೆಂಡಿನ ಮೋನಾ ಮೆಕ್‌ಶಾರಿ 1:05.59, ಅದರ ಹಿಂದೆ 1:05.60ರಲ್ಲಿ ಇಟಲಿಯ ಬೆನೆಡೆಟ್ಟಾ ಪಿಲಾಟೊ ಮತ್ತು ಲಿಲ್ಲಿ ಕಿಂಗ್ ಇಬ್ಬರೂ ಸಮ ಸಮ. ಬೆಳ್ಳಿಯಿಂದ ನಾಲ್ಕನೇ ಸ್ಥಾನಕ್ಕೆ 0.06 ಸೆಕೆಂಡ್ ಅಂತರ ಅಷ್ಟೇ, ಅದು ಬೆರಳ ತುದಿ ಲೆಕ್ಕ.

ಬೋರ್ಡ್ ಮೇಲೆ ಟೈಮ್ ಬಂದ ತಕ್ಷಣ ಸಂಭ್ರಮ ಪಡ್ಬೇಡಿ, ಒಂದೆರಡು ನಿಮಿಷ ಕಾಯಿರಿ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಅನರ್ಹತೆಗೆ ಕಾರಣಗಳು ಜಾಸ್ತಿ: ಎರಡನೇ ಡಾಲ್ಫಿನ್ ಕಿಕ್, ಕಾಲು ಸಮವಾಗಿ ಆಡದೇ ಇರೋದು, ಒಂದೇ ಕೈ ಟಚ್, ಹೀಗೆ. ಹೆಸರಿನ ಮುಂದೆ ಡಿಎಸ್‌ಕ್ಯೂ (ಅನರ್ಹ) ಅಂತ ಬಂದ್ರೆ ಅಲ್ಲಿಗೆ ಪದಕ ಹೋಯ್ತು.

200 ಮೀಟರ್ ನೋಡೋಕೆ ಬೇರೆ ತಾಳ್ಮೆ ಬೇಕು. ಮೊದಲ ಲ್ಯಾಪಲ್ಲಿ ಸ್ಟ್ರೋಕ್ ಎಣಿಸಿ, ಕೊನೇ ಲ್ಯಾಪಲ್ಲಿ ಮತ್ತೆ ಎಣಿಸಿ. ಮೊದಲು ಉದ್ದವಾಗಿ ಜಾರ್ತಾ ಕಮ್ಮಿ ಸ್ಟ್ರೋಕ್ ತಗೊಂಡು, ಕೊನೆಗೆ ಬೇಗ ಬೇಗ ಸ್ಟ್ರೋಕ್ ಹಾಕ್ತಾರೆ, ಆ ಬದಲಾವಣೆ ಯಾವ ಲ್ಯಾಪಲ್ಲಿ ಶುರು ಮಾಡಿದ್ರು ಅನ್ನೋದೇ ಅವರ ಪ್ಲಾನ್. 2012ರ ಲಂಡನ್‌ನಲ್ಲಿ ಅಮೆರಿಕದ ರೆಬೆಕಾ ಸೋನಿ 2:19.59 ಮಾಡಿ 2 ನಿಮಿಷ 20 ಸೆಕೆಂಡಿನ ಗೋಡೆ ಮೊದಲ ಸಲ ಒಡೆದ್ರು, 2023ರಲ್ಲಿ ರಷ್ಯಾದ ಎವ್ಗೇನಿಯಾ ಚಿಕುನೊವಾ ಕಜಾನ್‌ನಲ್ಲಿ ಅದನ್ನ 2:17.55ಕ್ಕೆ ತಂದ್ರು.

ಇನ್ನೊಂದು ವಿಷಯ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಕೂಡ ಇರುತ್ತೆ. ಅಲ್ಲಿ ಟರ್ನ್ ಇಲ್ಲ, ಒಂದೇ ಪುಲ್‌ಔಟ್, ಅದಾದ ಮೇಲೆ ಗೋಡೆ ತನಕ ಬರೀ ಓಟ. ಲಿಥುವೇನಿಯಾದ ರೂಟಾ ಮೈಲುಟಿಟೆ 2023ರಲ್ಲಿ ಫುಕುವೋಕಾದಲ್ಲಿ 29.16ಕ್ಕೆ ವಿಶ್ವದಾಖಲೆ ಮಾಡಿದ ರೇಸ್ ಈಗ್ಲೇ ಒಂದು ಸಲ ಹುಡುಕಿ ನೋಡಿ, ಡೈವ್‌ನಿಂದ ತಲೆ ಮೇಲೆ ಬರೋ ತನಕ ಎಷ್ಟು ಲಾಭ ಮಾಡ್ಕೋತಾರೆ ಅಂತ ಪಕ್ಕದ ಲೇನ್‌ಗಳಿಗೆ ಹೋಲಿಸಿ ನೋಡಿದ್ರೆ 2028ಕ್ಕೆ ಕಣ್ಣು ತಯಾರಾಗಿರುತ್ತೆ.