ಹಾರ್ಟ್ ಪ್ಯಾಕೇಜ್ ರಿಪೋರ್ಟಲ್ಲಿ ಸಿಆರ್‌ಪಿ, ಇನ್ಸುಲಿನ್ ನೋಡೋದು ಹೆಂಗೆ

ಲ್ಯಾಬ್‌ನೋರು ಹಾರ್ಟ್ ಪ್ಯಾಕೇಜ್ ಅಂದ್ರೆ ದುಡ್ಡು ಕಟ್ಟೋಕ್ ಮುಂಚೆ ಒಂದ್ ಮಾತು ಕೇಳ್ರಿ, ಬರೀ ಸಿಆರ್‌ಪಿನಾ ಅಥ್ವಾ ಎಚ್‌ಎಸ್-ಸಿಆರ್‌ಪಿನಾ ಅಂತ. ಸಿಆರ್‌ಪಿ ಅಂದ್ರೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರೋ ಪ್ರೋಟೀನು, ಎಚ್‌ಎಸ್ ಅಂದ್ರೆ ಅದನ್ನೇ ಇನ್ನೂ ಸೂಕ್ಷ್ಮವಾಗಿ ಅಳೆಯೋ ಟೆಸ್ಟು. ಹಾರ್ಟಿಗೆ ಬೇಕಾಗಿದ್ದು ಎರಡನೇದು, ಸಣ್ಣ ಏರುಪೇರು ಅದ್ರಲ್ಲೇ ಗೊತ್ತಾಗೋದು.

ಜ್ವರ, ಕೆಮ್ಮು, ಹಲ್ಲುನೋವು, ಕೀವು ಇದ್ದಾಗ ಈ ಟೆಸ್ಟ್ ಬೇಡ್ವೇ ಬೇಡ, ಹುಷಾರಾಗಿ ಎರಡ್ ಮೂರು ವಾರ ಆಗ್ಲಿ. ಆಮೇಲೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ರಿಸ್ಕ್ ಕಮ್ಮಿ, 1ರಿಂದ 3 ನಡುವಿಂದು, 3ರ ಮೇಲೆ ಜಾಸ್ತಿ, 10 ದಾಟಿದ್ರೆ ಬೇರೆ ಏನೋ ಸೋಂಕು ಇರ್ಬೋದು, ಮತ್ತೆ ಮಾಡಿಸ್ಬೇಕು. ಯೂನಿಟ್ಟೂ ನೋಡ್ರಿ, ಕೆಲವ್ರು ಡೆಸಿಲೀಟರ್ ಲೆಕ್ಕದಲ್ಲಿ 0.4 ಅಂತ ಬರೆದಿರ್ತಾರೆ, ನೀವು ಅರಾಮ್ ಐತೆ ಅನ್ಕೊಂಡಿರ್ತೀರಿ, ಲೀಟರ್ ಲೆಕ್ಕದಲ್ಲಿ ಅದು 4!

ಹೊಟ್ಟೆ ಒಳಗಿನ ಕೊಬ್ಬು ಇಂಟರ್‌ಲ್ಯೂಕಿನ್-6 ಅನ್ನೋ ಉರಿಯೂತ ಎಬ್ಬಿಸೋ ಪ್ರೋಟೀನನ್ನ ರಕ್ತಕ್ಕೆ ಬಿಡ್ತದೆ, ಅದು ಹೋಗಿ ಲಿವರಿಗೆ ಹೇಳಿ ಸಿಆರ್‌ಪಿ ಮಾಡಿಸ್ತದೆ, ಅದೇ ಟೈಮಿಗೆ ರಕ್ತನಾಳ ಕಾಯೋ ಅಡಿಪೊನೆಕ್ಟಿನ್ ಅನ್ನೋ ಹಾರ್ಮೋನ್ ಇಳೀತದೆ, ಲೆಪ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಏರ್ತದೆ. ಆದ್ರೆ ಅಡಿಪೊನೆಕ್ಟಿನ್, ಲೆಪ್ಟಿನ್ ಟೆಸ್ಟಿಗೆ ದುಡ್ಡು ಹಾಕೋದು ದಂಡ ಅಂತ ನನ್ ಲೆಕ್ಕ, ಟೇಪ್ ತಗೊಂಡು ಸೊಂಟ ಅಳೀರಿ ಸಾಕು. ಗಂಡಸ್ರಿಗೆ 90 ಸೆಂಟಿಮೀಟರ್, ಹೆಂಗಸ್ರಿಗೆ 80, ಅದ್ರ ಮೇಲಿದ್ರೆ ಹುಷಾರು.

ಇನ್ಸುಲಿನ್ ಟೆಸ್ಟಿಗೆ ಖಾಲಿ ಹೊಟ್ಟೇಲಿ ಹೋಗ್ರಿ, ಟೀನೂ ಬೇಡ, ಬೆಣ್ಣೆದೋಸೆ ಎಲ್ಲೂ ಓಡಿ ಹೋಗಲ್ಲ, ರಕ್ತ ಕೊಟ್ಟು ಬಂದು ತಿನ್ರಿ (ಬೆಣ್ಣೆ ಕಮ್ಮಿ ಹಾಕಿಸ್ಕೊಂಡು). ಫಾಸ್ಟಿಂಗ್ ಶುಗರ್‌ನ ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸ್ರಿ. ಶುಗರ್ 90, ಇನ್ಸುಲಿನ್ 18 ಬಂದ್ರೆ ಉತ್ತರ 4. ಶುಗರ್ ನಾರ್ಮಲ್ಲೇ ಐತಲ್ಲಪ್ಪಾ ಅಂತೀರಿ, ಆದ್ರೆ ಎರಡೂವರೆ ದಾಟಿದ್ರೆ ಇನ್ಸುಲಿನ್ ರೆಸಿಸ್ಟೆನ್ಸ್ (ಇನ್ಸುಲಿನ್ ಇದ್ರೂ ಮೈ ಅದ್ರ ಮಾತು ಸರಿಯಾಗಿ ಕೇಳದೇ ಇರೋದು) ಅಂತ ಬಹಳ ಕಡೆ ಹಿಡೀತಾರೆ. ಶುಗರ್ ಮಾತ್ರೆ, ಇನ್ಸುಲಿನ್ ಇಂಜೆಕ್ಷನ್ ತಗಳೋರಿಗೆ ಈ ಲೆಕ್ಕ ಸರಿಯಾಗಿ ಕೂರಲ್ಲ.

ಸಿಆರ್‌ಪಿ ಜಾಸ್ತಿ ಅಂದ್ರೆ ಬ್ಲಾಕ್ ಐತೆ ಅಂತಲ್ಲ, ಕಮ್ಮಿ ಅಂದ್ರೆ ಇಲ್ಲ ಅಂತಾನೂ ಅಲ್ಲ. ಎದೆ ಹಿಡ್ಕೊಂಡಾಗ ಲ್ಯಾಬಿಗಲ್ಲ, ಸೀದಾ ಆಸ್ಪತ್ರೆಗೆ. ಹಾರ್ಟ್ ಅಟ್ಯಾಕ್ ಆಗಿದ್ದೋರಲ್ಲಿ ಕೊಲೆಸ್ಟ್ರಾಲ್ ಮುಟ್ಟದೇ ಬರೀ ಉರಿಯೂತ ಇಳಿಸಿದ್ರೂ ಮತ್ತೆ ಅಟ್ಯಾಕ್ ಆಗೋದು ಕಮ್ಮಿ ಆಗ್ತದೆ ಅಂತ 2017ರ ಕ್ಯಾಂಟೋಸ್ ಟ್ರಯಲ್ ತೋರ್ಸಿದ್ದು ನಿಜ, ಹಂಗಂತ ಮೆಡಿಕಲ್ ಶಾಪಲ್ಲಿ ಕಾಲ್ಚಿಸಿನ್ ಅನ್ನೋ ಉರಿಯೂತದ ಮಾತ್ರೆ ಕೇಳಿ ನುಂಗೋದು, ಸ್ಟ್ಯಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ಬಿಡೋದು ಎರಡೂ ಮಾಡ್ಬೇಡ್ರಿ. ಡಾಕ್ಟ್ರ ಹತ್ರ ಹೋಗುವಾಗ ಹಳೇ ರಿಪೋರ್ಟೂ ಇಟ್ಕೊಂಡು ಹೋಗ್ರಿ.